ಗೋಲಿನ ಹಿಂದಿನ ದನಿ

ಮನೆಗೆ ಬಂದ ರಿಪೇರಿಯವನನ್ನು ಜನ ಬಾಗಿಲಲ್ಲಿ ಒಮ್ಮೆ ನೋಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಬಚ್ಚಲಿನ ಕಡೆ ಕೈ ತೋರಿಸಿ, "ಅಲ್ಲಿದೆ ನೋಡಿ, ತಿರುಗ್ತಾನೇ ಇಲ್ಲ" ಎಂದು ಹೇಳಿ ತಮ್ಮ ಟಿ.ವಿ. ಮುಂದೆ ಹೋಗಿ ಕೂರುತ್ತಾರೆ. ಅವನು ವಾಷಿಂಗ್ ಮಷೀನಿನ ಮುಂದೆ ಮಂಡಿಯೂರಿ ಅದರ ಹೊಟ್ಟೆಯೊಳಗೆ ಕೈ ಹಾಕುತ್ತಾನೆ. ಕೂಸಿನ ಕಾಲುಚೀಲ, ಅಂಗಿಯ ಗುಂಡಿ, ಹೇರ್‌ಪಿನ್ನು, ಯಾರೋ ಜೇಬಲ್ಲಿ ಮರೆತ ಬಸ್ ಟಿಕೆಟಿನ ಮುದ್ದೆ ಎಲ್ಲ ಹೊರಗೆ ಬರುತ್ತವೆ. ಒಂದು ಮನೆಯ ಸಂಸಾರವೇ ಅಂಗೈಯಲ್ಲಿರುತ್ತದೆ, ಮಾತಾಡಿಸುವವರು ಮಾತ್ರ ಇರುವುದಿಲ್ಲ.

ಸಂಜೆ ತನ್ನ ಮನೆಗೆ ಬಂದರೆ ಅಲ್ಲೂ ಅದೇ ಕಥೆ. ಸಾಕಿ ಬೆಳೆಸಿದ ಅಕ್ಕ ಇರುವವರೆಗೆ, "ಮೊದಲು ಕೈ ತೊಳ್ಕೊಂಡು ಬಾರೋ" ಎನ್ನುವ ಒಂದು ಗದರಿಕೆಯಾದರೂ ಇತ್ತು. ಅಕ್ಕ ಮದುವೆಯ ಮಾತೆತ್ತಿದಾಗಲೆಲ್ಲ ಅವನು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಮುಂದಿನ ವರ್ಷಗಳೆಲ್ಲ ಒಂದೊಂದಾಗಿ ಹಿಂದೆ ಹೋದವು, ಅಕ್ಕನೂ ಹೋದಳು. ಈಗ ಅವನು ಕೆಲಸಕ್ಕೆ ಹೊರಡುವಾಗ ರೇಡಿಯೋ ಆರಿಸುವುದಿಲ್ಲ. ಬಾಗಿಲು ತೆಗೆದಾಗ ಒಳಗೆ ಯಾರೋ ಮಾತಾಡುತ್ತಿರಲಿ ಅಂತ.

ಹೀಗಿದ್ದವನಿಗೆ ಭಾನುವಾರ ಮಾತ್ರ ಬೇರೆಯೇ ಜನ್ಮ. ಊರಿನ ಫುಟ್‌ಬಾಲ್ ಮೈದಾನದಲ್ಲಿ ಗೋಲಿನ ಹಿಂದೆ ಸಿಮೆಂಟಿನ ಮೆಟ್ಟಿಲುಗಳಿವೆ. ಅಲ್ಲಿ ಅವನು ರಿಪೇರಿಯವನಲ್ಲ, ಪ್ರಾಸಣ್ಣ. ಆಟ ನೋಡುತ್ತ ನೋಡುತ್ತಲೇ ಪ್ರಾಸ ಕಟ್ಟಿ ಕೂಗುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅವನು ಒಂದು ಸಾಲು ಎತ್ತಿದರೆ ಕಂಡಕ್ಟರ್ ಡೋಲು ಬಾರಿಸುತ್ತಿದ್ದ. ಈ ಕಂಡಕ್ಟರ್ ನಿಜಕ್ಕೂ ಬಸ್ ಕಂಡಕ್ಟರನೇ. ವಾರವಿಡೀ ಜನರನ್ನು ಒಳಗೆ ತಳ್ಳಿ ಅಭ್ಯಾಸವಾಗಿ, ಮೆಟ್ಟಿಲ ಮೇಲಿನ ಗುಂಪಿಗೂ ಅವನೇ ಯಜಮಾನನಾಗಿದ್ದ. ಡೋಲು ಎದ್ದಿತೆಂದರೆ ಮೆಟ್ಟಿಲಿಗೆ ಮೆಟ್ಟಿಲೇ ಹಾಡುತ್ತಿತ್ತು. ಪಂದ್ಯ ಮುಗಿದ ಮೇಲೆ ಎಲ್ಲರೂ ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತ, "ಪ್ರಾಸಣ್ಣ, ಇವತ್ತಿಂದು ಸೂಪರ್" ಎಂದು ಬೆನ್ನು ತಟ್ಟುತ್ತಿದ್ದರು. ಆ ಬೆನ್ನು ತಟ್ಟಿದ್ದರಲ್ಲೇ ಅವನು ಮುಂದಿನ ಭಾನುವಾರದವರೆಗೆ ಬದುಕುತ್ತಿದ್ದ.

ಕೆಲವು ವಾರಗಳ ಹಿಂದೆ, ಗೆದ್ದೇ ಬಿಟ್ಟೆವು ಎಂದುಕೊಂಡಿದ್ದ ಪಂದ್ಯದಲ್ಲಿ, ಚಿಕ್ಕ ಹುಡುಗರೂ ಹಿಡಿಯುವಂಥ ಚೆಂಡು ತಮ್ಮ ತಂಡದ ಕೀಪರನ ಕೈಯಿಂದ ಜಾರಿ ಗೋಲಿನೊಳಗೆ ಉರುಳಿತು. ಪ್ರಾಸಣ್ಣನ ಬಾಯಿಂದ ತಾನಾಗಿಯೇ ಬಂತು:

"ಜರಡಿ ಕೈಯಾ, ಜರಡಿ ಕೈಯಾ, ಮನೆಗೆ ಹೋಗಿ ಹಿಟ್ಟು ಸೋಸಯ್ಯಾ!"

ಡೋಲು ಹಿಡಿಯಿತು, ಮೆಟ್ಟಿಲು ಹಿಡಿಯಿತು, ಯಾರೋ ಫೋನಿನಲ್ಲಿ ಹಿಡಿದರು. ವಾರ ಕಳೆಯುವಷ್ಟರಲ್ಲಿ ಊರಿಗೆ ಊರೇ ಹಾಡುತ್ತಿತ್ತು. ಬಸ್ ನಿಲ್ದಾಣದಲ್ಲಿ ಅಪರಿಚಿತರು ಗುನುಗುವುದನ್ನು ಕೇಳಿ ಅವನು ಒಳಗೊಳಗೇ ಹಿಗ್ಗಿದ. ಆ ಕೀಪರನನ್ನು ತಂಡದವರು ಮುಂದಿನ ಪಂದ್ಯದಿಂದ ಬೆಂಚಿನ ಮೇಲೆ ಕೂರಿಸಿದರು. ಅದರ ಬಗ್ಗೆ ಪ್ರಾಸಣ್ಣ ಹೆಚ್ಚು ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಕರೆ ಬಂತು. ನೀರು ಹೊರಗೆ ಹೋಗುತ್ತಿಲ್ಲವಂತೆ. ಬಾಗಿಲು ತೆಗೆದವರು ವಯಸ್ಸಾದ ತಾಯಿಯೊಬ್ಬರು. ಈಕೆ ಎಲ್ಲರಂತೆ ಟಿ.ವಿ. ಮುಂದೆ ಹೋಗಿ ಕೂರದೆ, ಒಂದು ಮಣೆ ತಂದು ಅವನ ಪಕ್ಕದಲ್ಲೇ ಕೂತರು.

"ಕೆಲವು ವಾರದಿಂದ ಗರಗರ ಅಂತಿತ್ತು ಕಣಪ್ಪ. ಈಗ ಪೂರ್ತಿ ಮುಷ್ಕರ ಹೂಡಿದೆ."

ಅವನು ಕೆಳಗಿನ ಮುಚ್ಚಳ ತಿರುಗಿಸಿ ಫಿಲ್ಟರ್ ಎಳೆದ. ಕೊಳೆ ನೀರಿನ ಜೊತೆ ಮೆತ್ತನೆಯ ಬಿಳಿ ರಬ್ಬರಿನ ಚೂರುಗಳು ಅಂಗೈಗೆ ಬಿದ್ದವು. ಇಂಥದ್ದನ್ನು ಅವನು ಈ ಮೊದಲು ಕಂಡಿರಲಿಲ್ಲ.

"ಇದೇನಮ್ಮ ಒಗೆದಿದ್ದು?"

"ಅಯ್ಯೋ, ಅದಾ. ನನ್ನ ಮಗನ ಗ್ಲೌಸು. ಅವನು ಗೋಲ್‌ಕೀಪರು. ಎಂಥಾ ಬೆವರು ವಾಸನೆ ಅಂತೀಯಾ, ಕೋಣೆಗೆ ಕಾಲಿಡೋಕೆ ಆಗ್ತಿರ್ಲಿಲ್ಲ. ಮಾರನೇ ದಿನ ಪಂದ್ಯ ಇತ್ತು. ಪಾಪ ಚೆನ್ನಾಗಿ ಹೋಗ್ಲಿ ಅಂತ ಅವನಿಗೆ ಹೇಳ್ದೆ ಸುಡುಸುಡು ನೀರಲ್ಲಿ ಹಾಕಿ, ಬಟ್ಟೆ ಮೆತ್ತಗಾಗೋ ಆ ಘಮಘಮ ದ್ರಾವಣ ಇದ್ಯಲ್ಲ, ಅದನ್ನೂ ಹಾಕ್ದೆ. ಎಷ್ಟು ನುಣುಪಾಗಿ ಬಂತು ಗೊತ್ತಾ? ರೇಷ್ಮೆ ಮುಟ್ಟಿದ ಹಾಗೆ."

ಯಾವ ಪಂದ್ಯ ಎಂದು ಪ್ರಾಸಣ್ಣ ಕೇಳಬೇಕಾಗಿರಲಿಲ್ಲ. ಕೀಪರನ ಗ್ಲೌಸಿನ ಅಂಗೈಗೆ ರಬ್ಬರು ಹಚ್ಚಿರುವುದೇ ಚೆಂಡು ಅಂಟಿಕೊಳ್ಳಲಿ ಎಂದು. ಅದೇ ಚೂರಾಗಿ ಈಗ ಇವನ ಕೈಯಲ್ಲಿತ್ತು. ಆಕೆ ಬಗ್ಗಿ ನೋಡುವಷ್ಟರಲ್ಲಿ ಅವನು ಮುಷ್ಟಿ ಮುಚ್ಚಿಕೊಂಡ.

ಆಕೆಗೆ ಮಾತು ಬೇಕಿತ್ತು. "ಆ ಹಾಡು ನೀನೂ ಕೇಳಿರ್ತೀಯ. ಹಾಲು ತರೋಕೆ ಹೋದ್ರೂ ಮಕ್ಕಳು ಹಾಡ್ತವೆ. ಮಗ ನಗ್ತಾನೆ, ಅವನು ನಗ್ತಾನಲ್ಲ ಅಂತ ನಾನೂ ನಗ್ತೀನಿ. ಆದ್ರೆ ಅವನು ಈಗ ಹೊರಗೆ ಊಟಕ್ಕೂ ಹೋಗಲ್ಲ, ಗೆಳೆಯರ ಫೋನೂ ಎತ್ತಲ್ಲ. ನಾನು ಮಾತ್ರ ಆ ಹಾಡು ಕಟ್ಟಿದವನನ್ನ ಬೈಯಲ್ಲಪ್ಪ. ಮನೇಲಿ ಅವನಿಗೆ ಯಾರೂ ಇಲ್ಲವೇನೋ, ಪಾಪ. ಮನೆಮಂದಿ ಇರೋನಿಗೆ ಹಾಗೆ ಕಟ್ಟೋಕೆ ಮನಸ್ಸು ಬರತ್ತಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ 'ಪಾಪ' ಎಂಬ ಮಾತು ಮಾತ್ರ ಅವನಿಗೆ ಎಲ್ಲೋ ಆಳದಲ್ಲಿ ತಾಗಿತು. ಅವನು ತಲೆ ಎತ್ತದೆ ಇನ್ನೊಂದು ಕೈಯಿಂದ ಫಿಲ್ಟರನ್ನು ಉಜ್ಜಿದ್ದೇ ಉಜ್ಜಿದ್ದು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಎತ್ತರದ ಯುವಕನೊಬ್ಬ ಹೊರಗೆ ಬಂದ. ಮೈದಾನದಲ್ಲಿ ಬೆನ್ನು ಮಾತ್ರ ನೋಡಿ ಗೊತ್ತಿದ್ದ ಕೀಪರ್. ಅವನು ಪ್ರಾಸಣ್ಣನ ಮುಖ ನೋಡಿದ, ಮುಚ್ಚಿದ ಮುಷ್ಟಿ ನೋಡಿದ.

"ಅಮ್ಮಾ, ಇವರಿಗೆ ಸ್ವಲ್ಪ ಚಹಾ ಇಡ್ತೀಯಾ?"

ತಾಯಿ ಅಡುಗೆಮನೆಗೆ ಹೋದ ಮೇಲೆ ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಅಮ್ಮನಿಗೆ ಗೊತ್ತಿಲ್ಲ," ಎಂದ ಮೆಲ್ಲಗೆ. "ಗೊತ್ತಾಗೋದೂ ಬೇಡ. ನನಗೂ ಮೈದಾನದಲ್ಲಿ ಹಾಕ್ಕೊಂಡಾಗಲೇ ತಿಳಿದಿದ್ದು. ಇನ್ನೊಂದು ಜೊತೆ ಇತ್ತು, ಹರಿದಿತ್ತು."

"ತಂಡದವರಿಗಾದ್ರೂ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗ್ತಿತ್ತು. ಆಮೇಲೆ ಹಾಡು ಅಮ್ಮನ ಮೇಲೆ ಬರ್ತಿತ್ತು. ನನ್ನ ಮೇಲೆ ಬಂದ್ರೆ ಪರವಾಗಿಲ್ಲ. ಅಮ್ಮನ ಮೇಲೆ ಬಂದ್ರೆ ಅವಳು ಉಳಿಯಲ್ಲ."

ಪ್ರಾಸಣ್ಣ ಚೂರುಗಳನ್ನು ತನ್ನ ಜೇಬಿಗೆ ಹಾಕಿಕೊಂಡು ಪೈಪು ಜೋಡಿಸಿದ. ಚಹಾ ತಂದ ತಾಯಿಗೆ, "ಏನೋ ದಾರದ ಉಂಡೆ ಸಿಕ್ಕಿತ್ತಮ್ಮ, ಅಷ್ಟೇ" ಎಂದ. ಅರ್ಧ ಲೋಟ ಚಹಾ ಹಾಗೇ ಬಿಟ್ಟು ಹೊರಟ.

ಮುಂದಿನ ಪಂದ್ಯಕ್ಕೆ ಮೊದಲು ಅವನು ಕಂಡಕ್ಟರನನ್ನು ಮೂಲೆಯ ಅಂಗಡಿಯಲ್ಲಿ ಹಿಡಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಎದುರಿಗೆ ಕೂತಾಗ ಒಂದೂ ನೆನಪಿಗೆ ಬರಲಿಲ್ಲ.

"ಆ ಜರಡಿ ಹಾಡು ಇನ್ನು ಸಾಕು ಕಣಯ್ಯ. ಬಿಟ್ಬಿಡೋಣ."

ಕಂಡಕ್ಟರ್ ನಕ್ಕ. "ಇದೇನಪ್ಪ, ಹೆತ್ತವನೇ ಕೂಸನ್ನ ಬೇಡ ಅಂತಿದಾನೆ. ನಿನ್ನ ಹಾಡುಗಳಲ್ಲೆಲ್ಲ ಅದೇ ಹೆಚ್ಚು ಹಿಟ್ ಆಗಿರೋದು."

"ಅವನು ನಮ್ಮ ಹುಡುಗ. ಎದುರು ತಂಡದವನಲ್ಲ."

"ನಮ್ಮವನು ಅಂತಲೇ ಬೈಯೋದು," ಕಂಡಕ್ಟರ್ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. "ನೋಡು, ತಂಡ ಸೋತ ದಿನ ನನಗೆ ಊಟ ಸೇರಲ್ಲ. ಹೆಂಡತಿ ಮಕ್ಕಳು ನನ್ನ ಹತ್ರ ಬರೋಕೆ ಹೆದರ್ತಾರೆ. ಹೊಟ್ಟೆ ಉರಿದವನು ಬೈತಾನೆ. ಬೈಯದೆ ಚಪ್ಪಾಳೆ ತಟ್ಕೊಂಡು ಹೋಗೋನು ಹೊತ್ತು ಕಳೆಯೋಕೆ ಬಂದವನು. ನಿಜವಾದ ಅಭಿಮಾನಿ ಯಾರು, ನೀನೇ ಹೇಳು."

ಆ ಮಾತನ್ನು ಪೂರ್ತಿ ಸುಳ್ಳೆನ್ನಲು ಪ್ರಾಸಣ್ಣನಿಗೆ ಆಗಲಿಲ್ಲ. ಬಿಸಿಲು ಮಳೆ ಎನ್ನದೆ, ರಜೆ ಸಿಗದ ದಿನ ಜಗಳವಾಡಿ ಬರುತ್ತಿದ್ದವನು ಈ ಕಂಡಕ್ಟರನೇ. "ಹೊಟ್ಟೆ ಉರಿದು ಒಂದು ಸಲ ಬೈದ್ರೆ ಸರಿ. ಮನೆವರೆಗೂ ಅಟ್ಟಿಸ್ಕೊಂಡು ಹೋಗ್ಬಾರ್ದು."

"ಯಾರಯ್ಯ ಅವನ ಮನೆಗೆ ಹೋದೋರು?"

"ಹಾಡು ಹೋಗಿದೆ."

"ಎಲ್ಲಿ, ಕಾರಣ ಹೇಳು. ಸರಿಯಾದ ಒಂದು ಕಾರಣ ಹೇಳು, ಇವತ್ತೇ ಡೋಲು ನಿಲ್ಲಿಸ್ತೀನಿ."

ಕಾರಣ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಕೀಪರ್ ತಪ್ಪಿಲ್ಲದವನಾಗುತ್ತಾನೆ, ತಾನೂ ದೊಡ್ಡವನಾಗುತ್ತೇನೆ. ಅಷ್ಟು ಯೋಚಿಸುವಷ್ಟರಲ್ಲೇ, ಗ್ಲೌಸು ಒಗೆದ ಆ ತಾಯಿಯ ಮೇಲೆ ಒಂದು ಪ್ರಾಸ ಅವನ ತಲೆಯೊಳಗೆ ತಾನಾಗಿಯೇ ಕೂಡಿಕೊಂಡಿತು. ಚೆನ್ನಾಗಿಯೂ ಇತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕಾರಣ ಇಲ್ಲ," ಎಂದ. "ಸುಮ್ನೆ, ಬೇಡ ಅಂತ."

"ಹಾಗಾದ್ರೆ ನೀನು ಮೆತ್ತಗಾಗಿದೀಯ, ಅಷ್ಟೇ. ಮೆತ್ತಗಾದವರಿಗೆ ಈ ಮೆಟ್ಟಿಲಲ್ಲ." ಕಂಡಕ್ಟರ್ ಡೋಲಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡು ಎದ್ದು ಹೋದ.

ಆ ಭಾನುವಾರ ಪ್ರಾಸಣ್ಣ ಮೆಟ್ಟಿಲಿಗೇ ಹೋದ. ಅದು ಬಿಟ್ಟರೆ ಅವನಿಗೆ ಹೋಗಲು ಜಾಗವಾದರೂ ಎಲ್ಲಿತ್ತು? ಅವನು ಕೂರುತ್ತಿದ್ದ ಜಾಗದಲ್ಲಿ ಯಾರೋ ಚೀಲ ಇಟ್ಟಿದ್ದರು, ತೆಗೆಯಲಿಲ್ಲ.

ಎರಡನೇ ಅರ್ಧದ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಹೊಸ ಕೀಪರ್ ಯಾರದೋ ಮಂಡಿಗೆ ಢಿಕ್ಕಿ ಹೊಡೆದು ಬಿದ್ದ. ಅವನನ್ನು ಹೊರಗೆ ಕರೆದೊಯ್ದು, ಬೆಂಚಿನ ಮೇಲಿದ್ದ ಹಳೆಯವನನ್ನು ಮೈದಾನಕ್ಕೆ ಇಳಿಸಿದರು. ಅವನು ತಲೆ ತಗ್ಗಿಸಿ ಓಡುತ್ತ ಬಂದು ಗೋಲಿನ ನಡುವೆ ನಿಂತನೋ ಇಲ್ಲವೋ, ಡೋಲು ಎರಡು ಪೆಟ್ಟು ಹಾಕಿತು. ಎಲ್ಲರೂ ಒಮ್ಮೆ ಪ್ರಾಸಣ್ಣನ ಕಡೆ ನೋಡಿದರು. ಅವನು ಬಾಯಿ ತೆರೆಯಲಿಲ್ಲ. ಅವನು ತೆರೆಯದಿದ್ದರೆ ಹಾಡು ನಿಂತುಹೋಗುವ ಕಾಲ ಮುಗಿದಿತ್ತು, ಅದು ತಾನೇ ಎದ್ದಿತು.

"ಜರಡಿ ಕೈಯಾ, ಜರಡಿ ಕೈಯಾ..."

ತಾನು ಕಟ್ಟಿದ ಹಾಡನ್ನು ಅವನು ಮೊದಲ ಸಲ ಹಾಡದೆ ಕೇಳಿದ. ಇಷ್ಟು ಜೋರಾಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಕೂತಿರಲು ಆಗದೆ ಎದ್ದ. ಕಾಲುಗಳ ನಡುವೆ ದಾರಿ ಮಾಡಿಕೊಂಡು ಕೆಳಗಿಳಿಯುವಾಗ ಯಾರೋ, "ಎಲ್ಲಿಗೆ ಪ್ರಾಸಣ್ಣ, ಮೊಲೆಹಾಲು ಕುಡಿಸೋಕಾ?" ಎಂದರು. ಎಲ್ಲರೂ ನಕ್ಕರು. ಅವನಿಗೆ ಕಿವಿ ಬಿಸಿಯಾಯಿತು, ಆದರೆ ನಿಲ್ಲಲಿಲ್ಲ. ಗೋಲಿನ ಬಲೆಯ ಹಿಂದಿದ್ದ ಕಬ್ಬಿಣದ ಕಂಬಿ ಹಿಡಿದು ನಿಂತ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮೈದಾನದ ಆ ತುದಿಯಲ್ಲಿ ಯಾರಿಗೋ ಪೆಟ್ಟಾಗಿ ಆಟ ನಿಂತಿತು. ಕೀಪರ್ ನೀರಿನ ಬಾಟಲಿಗಾಗಿ ಹಿಂದೆ ಬಂದವನು ಅವನನ್ನು ಕಂಡ.

"ಅಮ್ಮ ಚೆನ್ನಾಗಿದಾರಾ?" ಎಂದು ಕೇಳಬೇಕೆಂದುಕೊಂಡ ಪ್ರಾಸಣ್ಣನ ಬಾಯಿಂದ ಬೇರೆಯೇ ಬಂತು. "ಆ ಹಾಡು ಕಟ್ಟಿದ್ದು ನಾನೇ."

"ಗೊತ್ತು," ಎಂದ ಕೀಪರ್.

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅವತ್ತು ಒಳಗೆ ಮಲಗಿದ್ದೆ. ನೀವು ಅಮ್ಮನ ಹತ್ರ ಒಂದು ಮಾತಾಡಿದ್ದೇ ತಡ, ಯಾರು ಅಂತ ತಿಳೀತು. ಇಷ್ಟು ವರ್ಷ ಬೆನ್ನ ಹಿಂದೆ ಕೇಳಿದ ದನಿ, ಗುರುತು ಸಿಗಲ್ವಾ?"

ಪ್ರಾಸಣ್ಣ ಕಂಬಿಯ ಮೇಲೆ ಮುಂದಕ್ಕೆ ಬಗ್ಗಿದ. "ಗೊತ್ತಿದ್ದೂ ಅಮ್ಮನ ವಿಷಯ ನನ್ನ ಹತ್ರ ಹೇಳಿದ್ರಾ? ಎಲ್ಲರನ್ನೂ ಬಿಟ್ಟು ನನ್ನ ಹತ್ರ?"

"ಹೇಳೋಕೆ ಅಂತ ಬರ್ಲಿಲ್ಲ. ಜಗಳ ಆಡೋಕೆ ಅಂತಲೇ ಹೊರಗೆ ಬಂದೆ." ಕೀಪರ್ ಬಾಟಲಿ ಕೆಳಗಿಟ್ಟ. "ನೀವು ಅಮ್ಮನಿಗೆ ಕಾಣದ ಹಾಗೆ ಕೈ ಮುಚ್ಕೊಂಡು ಕೂತಿದ್ರಿ."

ರೆಫರಿ ಸೀಟಿ ಊದಿದ. ಕೀಪರ್ ಹೊರಡಲು ತಿರುಗಿದವನು ಮತ್ತೆ ಹೇಳಿದ: "ಸುಮ್ನೆ ನಿಂತ್ಕೋಬೇಡಿ. ಏನಾದ್ರೂ ಕೂಗಿ. ಅಭ್ಯಾಸ ಆಗ್ಬಿಟ್ಟಿದೆ ನನಗೆ."

ಮೆಟ್ಟಿಲ ಮೇಲೆ ಡೋಲು ಮತ್ತೆ ಎದ್ದಿತು. ಪ್ರಾಸಣ್ಣ ಬಾಯಿ ತೆರೆದ. ಹುಡುಕಿದರೂ ಒಂದು ಪ್ರಾಸ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕೂಗಲು ಏನೂ ಇರಲಿಲ್ಲ. ಕಣ್ಣು ಮಂಜಾಗಿ ಚೆಂಡೂ ಸರಿಯಾಗಿ ಕಾಣುತ್ತಿರಲಿಲ್ಲ.

"ಇದೀನಿ ತಮ್ಮಾ," ಎಂದು ಕೂಗಿದ. "ನೀನು ಆಡು, ನಾನಿಲ್ಲೇ ಇದೀನಿ."

ತಾಳವಿಲ್ಲದ ಆ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ಹಿಂದಿನಿಂದ ನಗು ಕೇಳಿಸಿತು. ಅವನು ಮತ್ತೆ ಅದನ್ನೇ ಕೂಗಿದ.

ಆ ದಿನ ತಂಡ ಸೋತಿತು. ಎರಡನೇ ಗೋಲು ಆಗುತ್ತಿದ್ದಂತೆ ಡೋಲು ಎದ್ದು ಮನೆಗೆ ಹೋಯಿತು, ಮೆಟ್ಟಿಲುಗಳೂ ಬರಿದಾದವು. ಕೊನೆಯ ಸೀಟಿಯವರೆಗೂ ಗೋಲಿನ ಹಿಂದೆ ಒಂದು ದನಿ ಮಾತ್ರ ಉಳಿದಿತ್ತು. ಅದೂ ಆ ಹೊತ್ತಿಗೆ ಒಡೆದು, ಯಾರದೆಂದು ಗುರುತು ಸಿಗದಷ್ಟು ಬದಲಾಗಿತ್ತು. ಆದರೂ ಪ್ರತಿಸಲ ಚೆಂಡು ಈ ಕಡೆ ಬಂದಾಗ, ಕೀಪರ್ ಒಂದು ಹೆಜ್ಜೆ ಹಿಂದೆ ಸರಿದು, ಅದು ಕೇಳುವಷ್ಟು ಹತ್ತಿರ ನಿಂತುಕೊಳ್ಳುತ್ತಿದ್ದ.