ಕುಲ್ಫಿ ಗಾಡಿಯ ಐಸು

ಪಂಕಜಾ ಮೇಡಂ ತಪ್ಪು ಒಪ್ಪಿಕೊಳ್ಳುವ ಪೈಕಿಯಲ್ಲ ಎಂಬ ಮಾತು ಬನಶಂಕರಿಯ ಆ ಕಾಲೇಜಿನಲ್ಲಿ ಮೂವತ್ತೊಂದು ವರ್ಷದಿಂದ ಇತ್ತು. ಮಾಡಿದರೆ ತಾನೇ ಒಪ್ಪಿಕೊಳ್ಳುವುದು ಎಂದು ಫಿಸಿಕ್ಸ್ ವಿಭಾಗದ ಅಟೆಂಡರ್ ಬೋರಣ್ಣ ಅವರ ಪರ ವಹಿಸುತ್ತಿದ್ದ. ಅಂಥವರ ಟೇಬಲ್ಲಿನ ಎದುರು ಒಂದು ಬೆಳಿಗ್ಗೆ ಧೃತಿ ಬಂದು ನಿಂತಳು. ಪಿಎಚ್.ಡಿ.ಗೆ ಸೇರಿ ಇನ್ನೂ ಒಂಬತ್ತು ತಿಂಗಳಾಗಿದ್ದ ಹುಡುಗಿ.

“ಮೇಡಂ, ಆ ಆರು ಡಿಗ್ರಿ ಬರ್ತಾನೇ ಇಲ್ಲ.”

ಆರು ಡಿಗ್ರಿ ಎಂದರೆ ಏನೆಂದುಕೊಂಡಿರಿ? ಒಂದು ಬಗೆಯ ಹರಳು ಇಂತಿಷ್ಟು ಶಾಖಕ್ಕೆ ತನ್ನ ಗುಣ ಬದಲಿಸುತ್ತದೆ. ಅದಕ್ಕೆ ಚಿಟಿಕೆಯಷ್ಟು ಇನ್ನೊಂದು ಲೋಹ ಬೆರೆಸಿದರೆ ಆ ಬದಲಾವಣೆ ಆರು ಡಿಗ್ರಿ ಮೇಲಕ್ಕೆ ಹೋಗುತ್ತದೆ ಎಂದು ಮೇಡಂ ಮೂರು ವರ್ಷದ ಹಿಂದೆ ಬರೆದಿದ್ದರು. ಆ ಲೇಖನ ದೇಶ ದೇಶ ಸುತ್ತಿತು. ಅದನ್ನು ತೋರಿಸಿಯೇ ಕಾಲೇಜಿನ ಟ್ರಸ್ಟ್ ಪುಟ್ಟೇನಹಳ್ಳಿಯ ಕಡೆ ಹೊಸ ಸಂಶೋಧನಾ ಕೇಂದ್ರ ಕಟ್ಟಿಸುತ್ತಿತ್ತು. ಇಂಥದ್ದೊಂದು ಕೇಂದ್ರ ಬೇಕೆಂದು ಹನ್ನೆರಡು ವರ್ಷ ಕಂಡಕಂಡವರ ಬಾಗಿಲು ಬಡಿದವರು ಪಂಕಜಾ ಮೇಡಂ. ಅದರ ನಿರ್ದೇಶಕಿಯೂ ಅವರೇ ಎಂದು ತೀರ್ಮಾನವಾಗಿತ್ತು.

“ಎಷ್ಟು ಸಲ ಮಾಡಿದೆ?”

“ಹದಿನೇಳು ಸಲ. ನಂದೇ ಏನೋ ತಪ್ಪು ಅಂದ್ಕೊಂಡು ಎರಡು ತಿಂಗಳು ಹೇಳ್ಲಿಲ್ಲ ಮೇಡಂ.”

ಹದಿನೆಂಟನೆಯ ಸಲ ಮೇಡಂ ತಾವೇ ಕೂತರು. ಬರಲಿಲ್ಲ. ಹಳೆಯ ನೋಟ್‌ಬುಕ್ ತೆಗೆದು ತಾರೀಕು ನೋಡಿದರು. ಬರೀ ಹರಳನ್ನು ಅಳೆದದ್ದು ಜನವರಿಯಲ್ಲಿ, ಲೋಹ ಬೆರೆಸಿದ್ದನ್ನು ಅಳೆದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಅವರು ಶಾಖ ಅಳೆಯುತ್ತಿದ್ದುದು ಎರಡು ತಂತಿಗಳಿಂದ. ಒಂದು ತುದಿ ಹರಳಿಗೆ, ಇನ್ನೊಂದು ತುದಿ ಥರ್ಮಾಸ್ ಫ್ಲಾಸ್ಕಿನ ಐಸಿಗೆ. ಐಸು ಅಂದರೆ ಸೊನ್ನೆ ಡಿಗ್ರಿ, ಅಲ್ಲಿಂದ ಮೇಲಕ್ಕೆ ಲೆಕ್ಕ. ಮೇಡಂಗೆ ಐಸಿನ ಮೇಲೇ ಅನುಮಾನ ಬಂತು. ಬೋರಣ್ಣನನ್ನು ಕರೆದರು.

“ಬೋರಣ್ಣ, ಆ ವರ್ಷ ಬೇಸಿಗೇಲಿ ಫ್ಲಾಸ್ಕಿಗೆ ಐಸು ಎಲ್ಲಿಂದ ತರ್ತಿದ್ರಿ?”

“ಜನವರಿ ಕಳೆದ್ಮೇಲೆ ನಮ್ಮ ಫ್ರಿಜ್ ಕೆಟ್ಟಿತ್ತಲ್ಲ ಮೇಡಂ. ಗೇಟ್ ಹತ್ರ ಕುಲ್ಫಿ ಗಾಡಿ ಸೀನು ಇದಾನಲ್ಲ, ಅವನು ಕೊಡ್ತಿದ್ದ. ದುಡ್ಡೂ ತಗೋತಿರ್ಲಿಲ್ಲ ಪಾಪ.”

“ಅವನು ಐಸಿಗೆ ಉಪ್ಪು ಹಾಕ್ತಾನಾ?”

“ಹಾಕ್ದೆ ಇರ್ತಾನಾ? ಉಪ್ಪು ಹಾಕಿದ್ರೇನೇ ಅಲ್ವಾ ಕುಲ್ಫಿ ಗಟ್ಟಿ ನಿಲ್ಲೋದು.”

ಮುಗಿಯಿತು. ಉಪ್ಪು ಬಿದ್ದ ಐಸು ಸೊನ್ನೆಗಿಂತ ಕೆಳಕ್ಕಿಳಿಯುತ್ತದೆ ಎಂಬುದು ಫಸ್ಟ್ ಪಿಯುಸಿ ಮಕ್ಕಳಿಗೂ ಗೊತ್ತು. ಫ್ಲಾಸ್ಕಿನೊಳಗೆ ಸೊನ್ನೆಯೇ ಆರು ಡಿಗ್ರಿ ಕೆಳಗಿತ್ತು. ಅದಕ್ಕೇ ಹರಳು ಆರು ಡಿಗ್ರಿ ಮೇಲೆ ಕಂಡಿತು. ಬೆರೆಸಿದ ಲೋಹ ಏನೂ ಮಾಡಿರಲಿಲ್ಲ.

ಫ್ರಿಜ್ ರಿಪೇರಿಗೆಂದು ಮೇಡಂ ಆ ವರ್ಷ ಮೂರು ಅರ್ಜಿ ಕೊಟ್ಟಿದ್ದರು. ರಿಪೇರಿಯಾಗಲಿಲ್ಲ, ಆದರೆ ಕಾಲೇಜಿನ ಮುಂಬಾಗಿಲಿಗೆ ಗ್ರಾನೈಟ್ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಹಾಗೆಂದು ಮೇಡಂ ಆ ನೆಪದ ಹಿಂದೆ ಅಡಗಲಿಲ್ಲ. ಫ್ಲಾಸ್ಕಿಗೆ ಇನ್ನೊಂದು ಥರ್ಮಾಮೀಟರ್ ಇಳಿಸಿ ನೋಡುವುದು ಎರಡು ನಿಮಿಷದ ಕೆಲಸ. ಪ್ರತಿ ವರ್ಷ ಹೊಸ ಬ್ಯಾಚಿಗೆ ಮೊದಲ ದಿನ ಅವರು ಹೇಳುತ್ತಿದ್ದುದೇ ಅದನ್ನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ತಮ್ಮನ್ನೇ ಬೈದುಕೊಂಡರು. ಆ ಸಂಜೆ ತ್ಯಾಗರಾಜನಗರದ ಮನೆಗೆ ನಡೆದೇ ಹೋದರು. ದಾರಿಯುದ್ದಕ್ಕೂ ನಾಚಿಕೆ, ನೆಲ ನೋಡಿಕೊಂಡು ನಡೆಯುವಂಥ ನಾಚಿಕೆ.

ಮರುದಿನ ಟ್ರಸ್ಟಿನ ಕಾರ್ಯದರ್ಶಿ ಚಕ್ರಪಾಣಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಅವರು ಕಾಫಿ ತರಿಸಿ, ಕದ ಹಾಕಿಸಿದರು.

“ಯಾರು ಮೇಡಂ ಕೂತ್ಕೊಂಡು ಮತ್ತೆ ಅಳೀತಾರೆ? ಉದ್ಘಾಟನೆ ಒಂದು ಆಗ್ಲಿ. ಆಮೇಲೆ ನಿಧಾನಕ್ಕೆ ನೋಡೋಣ.”

“ಆಗಲೇ ಒಬ್ಬಳು ಅಳೆದಿದಾಳೆ ಸಾರ್, ಹದಿನೇಳು ಸಲ.”

“ಸರಿ, ಬರೀಲೇಬೇಕು ಅಂದ್ರೆ ಅಟೆಂಡರ್ ತಪ್ಪು ಅಂತ ಬರೀರಿ. ಐಸು ತಂದಿದ್ದು ಅವನು ತಾನೇ? ನಿಮ್ಮ ಹೆಸರೂ ಉಳಿಯುತ್ತೆ.”

ಮೇಡಂಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

“ಬೋರಣ್ಣನಿಗೆ ಐಸು ತನ್ನಿ ಅಂದೆ, ತಂದ್ರು. ಅದು ಎಂಥ ಐಸು ಅಂತ ನೋಡೋಕೆ ಸಂಬಳ ತಗೊಂಡವಳು ನಾನು. ಇವತ್ತೇ ಪತ್ರಿಕೆಗೆ ಬರೆದು ಲೇಖನ ವಾಪಸ್ ತಗೋತೀನಿ.”

“ಹಾಗಾದ್ರೆ ನಿರ್ದೇಶಕರ ಕುರ್ಚಿ ವಿಷಯ ನಾವು ಬೇರೆ ಯೋಚನೆ ಮಾಡ್ಬೇಕಾಗುತ್ತೆ.”

“ಮಾಡಿ ಸಾರ್.”

ಕಾಫಿ ಮುಟ್ಟದೆ ಎದ್ದು ಬಂದರು. ಪತ್ರಿಕೆಗೆ ಬರೆದ ಪತ್ರದಲ್ಲಿ ತಪ್ಪಿಗೆ ಹೊಣೆಯೆಂದು ಒಂದೇ ಒಂದು ಹೆಸರಿತ್ತು, ಅದು ಅವರದೇ. ಐದು ವಾರದಲ್ಲಿ ಲೇಖನ ರದ್ದಾಯಿತು. ಆರನೆಯ ವಾರ ವಿಶ್ರುತ್ ನಿರ್ದೇಶಕನಾದ. ಅವರ ಕೈಯಲ್ಲೇ ಎಂ.ಎಸ್ಸಿ. ಓದಿದವನು, ಜಾಣ. ಅವನಿಗೆ ಫೋನ್ ಮಾಡಿ ಮೇಡಂ ಅಭಿನಂದನೆ ಹೇಳಿದರು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಸುಳ್ಳೇಕೆ.

ಉದ್ಘಾಟನೆಗೆ ಹೋಗಬೇಡಿ ಎಂದು ಧೃತಿ ಬೇಡಿಕೊಂಡಳು. ಯಾಕೆ ಹೋಗಬಾರದು, ಕಳ್ಳತನ ಮಾಡಿದ್ದೀನಾ ಎಂದು ಮೇಡಂ ರೇಷ್ಮೆ ಸೀರೆಯುಟ್ಟೇ ಹೊರಟರು. ಮೂರನೆಯ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ಧೃತಿ. ವೇದಿಕೆಯ ಮೇಲೆ ಚಕ್ರಪಾಣಿ, ಅತಿಥಿಗಳು, ಹೊಸ ನಿರ್ದೇಶಕ. ವಿಶ್ರುತ್ ಸಂಸ್ಥೆಯ ಸಾಧನೆಗಳನ್ನು ಪರದೆಯ ಮೇಲೆ ತೋರಿಸುತ್ತಾ ಬಂದ. ನಾಲ್ಕನೆಯದು ಮೇಡಂ ಅವರ ಗ್ರಾಫು. ರದ್ದಾದ ಆ ಆರು ಡಿಗ್ರಿಗೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿದ್ದರು.

ಪಂಕಜಾ ಮೇಡಂ ಎದ್ದು ನಿಂತರು.

“ವಿಶ್ರುತ್, ಆ ಗ್ರಾಫ್ ನಂದು. ಅದು ತಪ್ಪು. ವಾಪಸ್ ತಗೊಂಡಾಗಿದೆ, ನಿಂಗೂ ಗೊತ್ತು. ತೆಗಿ ಅದನ್ನ.”

ಚಕ್ರಪಾಣಿ ಮೈಕಿಗೆ ಬಾಗಿದರು.

“ಮೇಡಂ, ಪ್ರಶ್ನೆಗಳನ್ನ ಕೊನೇಲಿ ತಗೋಳೋಣ. ದಯವಿಟ್ಟು ಕೂತ್ಕೊಳ್ಳಿ.”

“ನಾನು ಪ್ರಶ್ನೆ ಕೇಳ್ತಿಲ್ಲ ಸಾರ್. ಅದು ಅಲ್ಲಿಂದ ಹೋಗೋವರೆಗೂ ಕೂರಲ್ಲ.”

ಜನ ತಿರುಗಿ ತಿರುಗಿ ನೋಡಿದರು. ಯಾರೋ ವಯಸ್ಸಾಯ್ತು ಪಾಪ ಎಂದದ್ದು ಕೇಳಿಸಿತು. ಮೇಡಂ ವೇದಿಕೆಯ ನಡುವಿನ ಕುರ್ಚಿಯನ್ನು ನೋಡಿದರು. ಅದು ಅವರಿಗೆ ಬೇಕಾಗಿತ್ತು, ತುಂಬ ಬೇಕಾಗಿತ್ತು. ಕಣ್ಣು ತುಂಬಿ ಕೆನ್ನೆಗಿಳಿಯಿತು. ಅಷ್ಟು ಜನರ ಮುಂದೆ ಒರೆಸಿಕೊಳ್ಳಲೂ ಇಲ್ಲ, ಕೂರಲೂ ಇಲ್ಲ. ಮೇಡಂ ಮುಖ ನೋಡಲಾರದೆ ಧೃತಿ ತಲೆ ತಗ್ಗಿಸಿದಳು.

ವಿಶ್ರುತ್ ರಿಮೋಟ್ ಹಿಡಿದು ಚಕ್ರಪಾಣಿಯವರತ್ತ ನೋಡಿದ. ಅವರು ಬೇಡ ಎಂದು ತಲೆಯಾಡಿಸಿದರು. ಅವನು ಮೇಡಂ ಕಡೆ ನೋಡಿದ. ಗುಂಡಿ ಒತ್ತಿದ. ಗ್ರಾಫು ಹೋಗಿ ಹೊಸ ಕಟ್ಟಡದ ಚಿತ್ರ ಬಂತು.

“ಹೂಂ, ಈಗ ಮುಂದೆ ಹೇಳು,” ಎಂದು ಪಂಕಜಾ ಮೇಡಂ ಕೂತರು.