ಪೂಜೆಗೆ ತೊಳೆದ ಕಾರು

ದಸರಾ ಕಳೆದ ಬೆಳಿಗ್ಗೆ ಚೆಲುವಯ್ಯನವರ ಹಳೆ ಕಾರು ಸ್ಟಾರ್ಟ್ ಆಗಲಿಲ್ಲ; ಮೆಕ್ಯಾನಿಕ್ ಆದ ನನ್ನನ್ನು ಕರೆಸಿದರು. ಹಿಂದಿನ ಸೀಟಿನ ತುಂಬ ರೇಷ್ಮೆಗೂಡು. ಹಬ್ಬದಿಂದಾಗಿ ಮೊದಲೇ ತಡವಾಗಿತ್ತು. ಇವತ್ತು ರಾಮನಗರದ ಗೂಡಿನ ಹರಾಜು ತಪ್ಪಿದರೆ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬಂದು ಬೆಳೆಯೇ ಹಾಳು.

"ಬ್ಯಾಟ್ರಿ ಹೋಗೈತೆ ಕಣ್ಲಾ ಮುತ್ತುರಾಜು, ಬೇರೆ ಹಾಕು" ಎಂದರು.

ನನಗೆ ಮೈ ಉರಿಯಿತು. "ಸೆಲ್ಫ್ ಮೋಟ್ರು ಜೋರಾಗಿ ತಿರುಗ್ತಾ ಐತೆ, ಬ್ಯಾಟ್ರಿ ಮ್ಯಾಲ್ಯಾಕೆ ತಪ್ಪು ಹೊರುಸ್ತೀರಿ? ಇಂಜಿನ್‌ಗೆ ನೀರು ಬುಟ್ರಾ?"

"ನೆನ್ನೆ ಪೂಜೆ ಅಲ್ವೇನ್ಲಾ? ಪಂಪ್‌ಸೆಟ್ ಪೈಪಲ್ಲೇ ತೊಳ್ದೆ."

"ಇಂಜಿನ್ನೇನು ಈಸ್ವರಲಿಂಗವಾ ಅಣ್ಣೋ, ಅಭಿಸೇಕ ಮಾಡಾಕೆ!"

ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ನೀರ ಹನಿ. ಅವರ ಹೆಗಲ ಮೇಲಿದ್ದ ಹಬ್ಬದ ಹೊಸ ಟವೆಲನ್ನೇ ಎಳೆದು ಒರೆಸಿದೆ, ಬಿಸಿಲಿಗಿಟ್ಟು ಒಣಗಿಸಿ ಮುಚ್ಚಿದೆ.

"ಈಗ ಕೀ ತಿರುಗ್ಸಿ."

ಒಂದೇ ಸಲಕ್ಕೆ ಇಂಜಿನ್ ಗುಡುಗಿತು.

"ಬರೋ ವರ್ಸ ಬಾನೆಟ್ ಮ್ಯಾಲೆ ಹೂವ ಮಡಗಿ, ಸಾಕು. ಹೊರಡಿ, ಚಿಟ್ಟೆ ಕಾಯಾಕಿಲ್ಲ!"