ಬೆಟ್ಟದ ಓಟಕ್ಕೆ ಹುಟ್ಟಿದ ತಂಗಿ

ಕದಿರಪ್ಪ ಮೇಷ್ಟ್ರಿಗೆ ಮೂವತ್ತಾರನೇ ವಯಸ್ಸಿನಲ್ಲಿ ಒಬ್ಬ ತಂಗಿ ಹುಟ್ಟಿದಳು. ಹುಟ್ಟುವಾಗ ಅವಳಿಗೆ ಇಪ್ಪತ್ತೊಂಬತ್ತು ತುಂಬಿತ್ತು, ಕಾಲಲ್ಲಿ ಕ್ಯಾನ್‌ವಾಸ್ ಷೂ ಇತ್ತು, ಹೆಗಲ ಚೀಲದಲ್ಲಿ ಸುಣ್ಣದ ಡಬ್ಬಿ ಇತ್ತು. ಹೋಳೂರಿನಾಚೆಯ ಒಂದು ಹಳ್ಳಿಯ ಜಗಲಿಯ ಮುಂದೆ, ಒಂದೇ ಮಾತಿನಲ್ಲಿ ಅವಳನ್ನು ತಂಗಿಯಾಗಿ ಮಾಡಿಕೊಂಡವನು ಕದಿರಪ್ಪನೇ.

ಅದು ಎಂಬತ್ತೆರಡನೇ ಇಸವಿ. ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಕದಿರಪ್ಪ ಹಿಂದೊಮ್ಮೆ ಹಿಮಾಲಯದ ತಪ್ಪಲಿನಲ್ಲಿ ಇಪ್ಪತ್ತೆಂಟು ದಿನ ಬೆಟ್ಟ ಹತ್ತುವ ತರಬೇತಿ ಪಡೆದು ಬಂದಿದ್ದ. ಬಂದವನಿಗೆ ಊರಿನ ಬೋಳು ಬಂಡೆಗಳ ಮೇಲೆ ಹೊಸದಾಗಿ ಮೋಹ ಹುಟ್ಟಿತು. ಮೂರು ದಿನದ ಓಟ ಒಂದನ್ನು ಮಾಡಬೇಕು ಎಂದು ಹೊರಟ. ನಾಲ್ಕು ನಾಲ್ಕು ಜನರ ತಂಡ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಶುರು. ಹೋಳೂರು ದಾಟಿ, ಶ್ರೀನಿವಾಸಪುರದ ಮಾವಿನ ತೋಪುಗಳೊಳಗೆ ದಿಕ್ಸೂಚಿ ಹಿಡಿದು ದಾರಿ ಹುಡುಕಿ, ಅಲ್ಲಿಂದ ಸೈಕಲ್ಲಿನಲ್ಲಿ ಕುರುಡುಮಲೆ ಮುಟ್ಟಿ, ದೇವರಾಯಸಮುದ್ರದ ಕೆರೆಯನ್ನು ಲಾರಿ ಟ್ಯೂಬುಗಳ ಮೇಲೆ ದಾಟಿ, ಆವನಿ ಬೆಟ್ಟದ ನೆತ್ತಿಯಲ್ಲಿ ಮುಗಿಸುವುದು.

ಅರ್ಜಿ ಹಿಡಿದು ಹೋದಾಗ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಅದನ್ನು ಎರಡು ಸಲ ಓದಿ, "ಓಡೋದು ಸರಿ ಮೇಷ್ಟ್ರೇ, ಅಟ್ಟಿಸ್ಕೊಂಡು ಬರೋರು ಯಾರು?" ಎಂದರು. ಹಳ್ಳಿಗಳಲ್ಲಿ ಕೇಳುತ್ತಿದ್ದುದು ಇನ್ನೂ ನ್ಯಾಯವಾದ ಪ್ರಶ್ನೆ: "ಆವನಿಗೆ ಬಸ್ಸಿದೆಯಲ್ಲಪ್ಪಾ?"

ಆದರೂ ಸಮಿತಿಯಾಯಿತು. ಅದರಲ್ಲಿ ಹನ್ನೊಂದು ಜನ. ಬೆಟ್ಟ ಹತ್ತಿದವರು ಇಬ್ಬರು. ಉಳಿದ ಒಂಬತ್ತು ಮಂದಿ ಮಾರ್ಗದರ್ಶನ ಮಾಡಿದರು. ಹತ್ತಿದ ಇಬ್ಬರಲ್ಲಿ ಒಬ್ಬ ಕದಿರಪ್ಪ, ಇನ್ನೊಬ್ಬಳು ಶ್ರೀನಿವಾಸಪುರದ ಕಡೆಯ ಗ್ರಾಮಸೇವಿಕೆ ಆದಿಲಕ್ಷ್ಮಿ. ಅಪ್ಪ ಅಮ್ಮ ಇಲ್ಲದವಳು, ಸಾಕಿದ ಅತ್ತೆಯೂ ತೀರಿಹೋಗಿ ಬಾಡಿಗೆ ರೂಮಿನಲ್ಲಿದ್ದಳು. ಸೈಕಲ್ಲು ತುಳಿದುಕೊಂಡು ಹಳ್ಳಿ ಸುತ್ತುತ್ತಿದ್ದಳು. ಸಮಿತಿಗೆ ಬಂದ ಮೊದಲ ದಿನವೇ ಹೆಣ್ಣುಮಕ್ಕಳ ತಂಡವೂ ಇರಬೇಕು ಎಂದಳು. ಒಂಬತ್ತು ಜನ ನಕ್ಕರು.

"ಹೆಣ್ಮಕ್ಳು ದಿನಾ ನೀರಿಗೆ ಮೂರ್ ಮೈಲಿ ಹೋಗ್ಬರ್ತಾರೆ ಸಾರ್. ನಿಮ್ ಹುಡುಗ್ರು ಕೆರೆ ಏರಿ ತನಕ ಹೋಗ್ಬಂದ್ರೆ ಕಾಲು ಒತ್ತಿಸ್ಕೋತಾರೆ" ಎಂದಳು. ಕದಿರಪ್ಪ ನಗಲಿಲ್ಲ. ಅವನಿಗೆ ಆ ಕ್ಷಣ ಆಗಿಹೋದದ್ದು ನಗುವ ವಿಷಯವಾಗಿರಲಿಲ್ಲ.

ಆಷಾಢದಿಂದ ಇಬ್ಬರೂ ಭಾನುವಾರ ಭಾನುವಾರ ದಾರಿ ನೋಡಲು ಹೊರಟರು. ಬಂಡೆಗಳ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಹಾಕುವುದು, ಎಲ್ಲಿ ನೀರಿದೆ, ಎಲ್ಲಿ ನಾಯಿಗಳಿವೆ ಎಂದು ನಕ್ಷೆಯಲ್ಲಿ ಬರೆದುಕೊಳ್ಳುವುದು. ಇಬ್ಬರದೂ ಒಂದೇ ಜಾತಿ, ಗೋತ್ರದಂಥ ಬೆಡಗು ಬೇರೆ. ಅಂದರೆ ಮದುವೆಗೆ ಅಡ್ಡಿಯಿಲ್ಲ. ಇದನ್ನು ಕದಿರಪ್ಪ ಯಾರಿಗೂ ಅನುಮಾನ ಬಾರದಂತೆ ಶ್ರಾವಣದಲ್ಲೇ ವಿಚಾರಿಸಿಟ್ಟುಕೊಂಡಿದ್ದ. ಕೇಳುವುದೊಂದು ಬಾಕಿ. ಆದರೆ ಅವನು ಎಲ್ಲವನ್ನೂ ಸಾಲಾಗಿ ಮಾಡುವ ಮನುಷ್ಯ. ಮೊದಲು ಓಟ ಮುಗಿಯಲಿ ಎಂದುಕೊಂಡ. ಅಲ್ಲಿಯವರೆಗೆ ಒಂದು ಮಾತು ಹೆಚ್ಚುಕಡಿಮೆಯಾಗಿ ಅವಳು ಬರುವುದನ್ನೇ ಬಿಟ್ಟರೆ?

ಹೋಳೂರಿನಾಚೆಯ ಆ ಹಳ್ಳಿಯಲ್ಲಿ ಮಜ್ಜಿಗೆ ಕೊಟ್ಟ ಮುದುಕಿ ಎಲೆಯಡಿಕೆ ಜಗಿಯುತ್ತ ಇಬ್ಬರನ್ನೂ ಅಳೆದಳು.

"ಎವರಪ್ಪಾ ಈಯಮ್ಮ? ನಿಂಗೇನಾಗ್ಬೇಕು?"

"ತಂಗಿ" ಎಂದ ಕದಿರಪ್ಪ. ಯೋಚಿಸಿ ಹೇಳಿದ್ದಲ್ಲ. ಗಂಡು ಹೆಣ್ಣು ಇಬ್ಬರೇ ಬೆಟ್ಟ ಸುತ್ತುತ್ತಿದ್ದಾರೆ ಎಂಬುದಕ್ಕೆ ಆ ಸೀಮೆಯಲ್ಲಿ ಸಭ್ಯವಾದ ಉತ್ತರ ಅದೊಂದೇ ಇತ್ತು.

"ಒಡಹುಟ್ಟಿದೋಳಾ? ಯಾವ ಬೆಡಗು?"

ಕದಿರಪ್ಪ ತನ್ನ ಬೆಡಗನ್ನು ಹೇಳಿದ. ಆದಿಲಕ್ಷ್ಮಿ ಲೋಟದ ಮಜ್ಜಿಗೆಯನ್ನು ಮುಗಿಸುವವರೆಗೂ ಲೋಟದಿಂದ ಮುಖ ಎತ್ತಲಿಲ್ಲ.

ಊರು ದಾಟಿದ ಮೇಲೆ, "ಒಳ್ಳೇ ಅಣ್ಣ ಸಿಕ್ದ ನಂಗೆ" ಎಂದಳು.

"ಮತ್ತಿನ್ನೇನು ಹೇಳೋದು? ಗಂಡ ಹೆಂಡ್ತಿ ಅಂತ ಹೇಳಕ್ಕಾಗತ್ತಾ?"

ಅವಳು ಬಗ್ಗಿ ಷೂ ದಾರ ಕಟ್ಟಿಕೊಳ್ಳುತ್ತ, ಷೂಗೆ ಹೇಳುವಂತೆ, "ಹೇಳಿ ನೋಡಿದ್ರೆ ತಾನೇ ಗೊತ್ತಾಗೋದು" ಎಂದಳು.

ಕದಿರಪ್ಪನಿಗೆ ಕೇಳಿಸಿತು. ನಕ್ಷೆ ಬಿಡಿಸಿ, ಬೇಕಿಲ್ಲದ ಕಡೆ ಒಂದು ಬಾವಿಯನ್ನು ಗುರುತು ಮಾಡಿದ. ಓಟ ಮುಗಿಯಲಿ.

ಆದರೆ ಅವನು ಹೆಸರಿಟ್ಟ ತಂಗಿ ಅವನಿಗಿಂತ ಬೇಗ ಓಡಿದಳು. ಅವರು ಮುಂದಿನ ಹಳ್ಳಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು: ಯಾರೋ ಮೇಷ್ಟ್ರು ಬರ್ತಾರಂತೆ, ಜೊತೇಲಿ ತಂಗೀನೂ. ಬಾಗಿಲುಗಳು ತೆರೆದುಕೊಂಡವು. ಮಗಳನ್ನು ಓಟಕ್ಕೆ ಕಳಿಸಲು ಒಲ್ಲೆವೆಂದು ತಲೆ ಅಲ್ಲಾಡಿಸುತ್ತಿದ್ದ ಅಪ್ಪಂದಿರು, "ಒಡಹುಟ್ಟಿದ ತಂಗೀನೇ ಕರ್ಕೊಂಡ್ಬಂದವ್ನೆ ಅಂದ್ಮೇಲೆ ಮರ್ಯಾದಸ್ಥ" ಎಂದು ಒಪ್ಪಿದರು. ರೇಷ್ಮೆ ಹುಳು ಸಾಕುವ ಮನೆಗಳ ನಾಲ್ಕು ಹುಡುಗಿಯರು ಸಿಕ್ಕಿದರು. ಓಟದ ಹೆಣ್ಣುಮಕ್ಕಳ ತಂಡ ನಿಂತಿದ್ದೇ ಆ ಸುಳ್ಳಿನ ಮೇಲೆ. ಹೀಗಾಗಿ ಅದನ್ನು ಪ್ರತಿ ಊರಲ್ಲೂ ಹೊಸದಾಗಿ ಹೇಳಬೇಕಾಯಿತು.

ದೇವರಾಯಸಮುದ್ರದಲ್ಲಿ ಅದನ್ನು ಕೇಳಿಸಿಕೊಂಡವರು ದೊಡ್ಡಮುನಿಯಪ್ಪ ಮತ್ತು ಅವರ ತಾಯಿ ಮುನಿಶಾಮಮ್ಮ. ಓಟಗಾರರು ಎರಡನೇ ದಿನ ತಂಗಲು ದೊಡ್ಡಮುನಿಯಪ್ಪ ತಮ್ಮ ಹುಣಸೆ ತೋಪು ಕೊಟ್ಟರು, ಅರವತ್ತು ಜನಕ್ಕೆ ಮುದ್ದೆ ತೊಳಸುವ ಹಂಡೆ ಕೊಟ್ಟರು, ಜೊತೆಗೆ ಒಡಹುಟ್ಟಿದ ತಮ್ಮ ವೆಂಕಟರಾಯಪ್ಪನನ್ನೂ ಕೊಟ್ಟರು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ವೆಂಕಟರಾಯಪ್ಪ ಒಳ್ಳೆಯ ಈಜುಗಾರ, ಮಾತು ಕಡಿಮೆ. ಲಾರಿ ಟ್ಯೂಬುಗಳನ್ನು ಒಂದೊಂದಾಗಿ ಕೆರೆಗಿಳಿಸಿ, ತಾನೇ ಅದರ ಮೇಲೆ ಕೂತು ಪರೀಕ್ಷೆ ಮಾಡಿದ. ಏಳನೆಯದು ಅವನನ್ನು ಬೋರಲು ಹಾಕಿತು. ನೀರಿನಿಂದ ಎದ್ದು, ತಲೆಯ ಮೇಲೆ ಪಾಚಿ ಹೊತ್ತುಕೊಂಡೇ, "ಇದು ಪಾಸಾಗಲಿಲ್ಲ" ಎಂದ. ಆದಿಲಕ್ಷ್ಮಿ ಏರಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕದಿರಪ್ಪ ಟ್ಯೂಬುಗಳನ್ನು ಎಣಿಸಿದ. ಇನ್ನೊಂದು ಸಲ ಎಣಿಸಿದ.

ಸಂಕ್ರಾಂತಿ ಕಳೆದ ವಾರ ಓಟ ನಡೆಯಿತು. ಹನ್ನೊಂದು ತಂಡ. ಮೊದಲ ದಿನವೇ ಒಂದು ಬಾಣದ ಗುರುತು ಕಾಣೆ. ಕಲ್ಲು ಒಡೆಯುವವರು ಆ ಬಂಡೆಯನ್ನೇ ಸೀಳಿ ಒಯ್ದಿದ್ದರು. ಬಾಣ ಅಷ್ಟರಲ್ಲಿ ಯಾರದೋ ದ್ರಾಕ್ಷಿ ತೋಟದ ಕಂಬವಾಗಿ ಆಕಾಶ ತೋರಿಸುತ್ತಿತ್ತು. ಮಾಲೂರಿನ ಹೆಂಚಿನ ಕಾರ್ಖಾನೆಯ ತಂಡ ದಾರಿ ತಪ್ಪಿ ಹೈವೇ ಸೇರಿ, ಹೋಟೆಲಿನಲ್ಲಿ ಇಡ್ಲಿ ತಿಂದು, ಬಸ್ಸಿನಲ್ಲಿ ಬಂದಿಳಿಯಿತು. ಪ್ರಾಮಾಣಿಕರು, ಟಿಕೆಟ್ಟನ್ನೂ ತೋರಿಸಿದರು. ಇಷ್ಟು ಬಿಟ್ಟರೆ ಎರಡು ದಿನ ಎಲ್ಲವೂ ಕದಿರಪ್ಪ ಬರೆದಿಟ್ಟ ಪ್ರಕಾರವೇ ನಡೆಯಿತು. ಅವನ ಜೀವನದಲ್ಲಿ ಹಾಗೆ ನಡೆದ ಎರಡೇ ದಿನಗಳು ಅವು.

ಮೂರನೇ ದಿನ ಬೆಳಿಗ್ಗೆ ತಂಡಗಳು ಕೆರೆಗಿಳಿಯುತ್ತಿದ್ದಾಗ ದೊಡ್ಡಮುನಿಯಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಹುಣಸೆ ಮರದ ಕೆಳಗೆ ಕರೆದುಕೊಂಡು ಹೋದರು.

"ಕದಿರಪ್ಪ, ಸುತ್ತಿಬಳಸಿ ಮಾತಾಡೋನಲ್ಲ ನಾನು. ನಿನ್ ತಂಗೀನ ನಮ್ ವೆಂಕಟರಾಯಂಗೆ ಕೊಡು. ಬೆಡಗು ಗಿಡಗು ಎಲ್ಲಾ ಅಮ್ಮ ಆವತ್ತೇ ಕೇಳಿದ್ಲು, ಕೂಡಿಬರತ್ತೆ. ಅಪ್ಪ ಇಲ್ದಿರೋ ಹೆಣ್ಣಿಗೆ ನೀನೇ ಅಪ್ಪ. ಏನಂತೀಯಾ?"

ಕೆರೆಯಲ್ಲಿ ನಾಲ್ಕು ಹುಡುಗಿಯರು ಟ್ಯೂಬಿಗೆ ಅಂಟಿಕೊಂಡು ಕಾಲು ಬಡಿಯುತ್ತಿದ್ದರು. ಏರಿಯ ಮೇಲೆ ಅವರ ಅಪ್ಪಂದಿರು ಪಂಚೆ ಎತ್ತಿ ಕಟ್ಟಿ ಓಡುತ್ತ, "ಕಾಲಾಡ್ಸೇ! ಲೇ, ಕಾಲಾಡ್ಸೇ!" ಎಂದು ಕೂಗುತ್ತಿದ್ದರು.

"ಅವಳನ್ನೊಂದು ಮಾತು ಕೇಳ್ತೀನಿ" ಎಂದ ಕದಿರಪ್ಪ.

ಆದಿಲಕ್ಷ್ಮಿ ಏರಿಯ ತುದಿಯಲ್ಲಿ ಸ್ಟೂಲು ಹಾಕಿಕೊಂಡು, ದಡ ಸೇರಿದ ತಂಡಗಳ ಚೀಟಿಗೆ ಮೊಹರು ಒತ್ತುತ್ತಿದ್ದಳು. ಮುಡಿಯಲ್ಲಿ ಕನಕಾಂಬರ ಇತ್ತು. ಓಟದ ಸಾಮಾನಿನ ಪಟ್ಟಿಯಲ್ಲಿ ಕನಕಾಂಬರ ಇರಲಿಲ್ಲ.

"ಮುನಿಶಾಮಮ್ಮ ಕೊಟ್ರು" ಎಂದಳು ಅವನು ನೋಡಿದ್ದಕ್ಕೆ. "ವಿಷಯ ಗೊತ್ತು. ನೀವೇನಂದ್ರಿ?"

"ನಿಮ್ಮನ್ನ ಕೇಳ್ತೀನಿ ಅಂದೆ."

"ಕೇಳಿ ಮತ್ತೆ."

ಕದಿರಪ್ಪ ಕೆರೆಯ ಕಡೆ ನೋಡಿದ. "ಈಗ ನಿಜ ಹೇಳಿದ್ರೆ..."

"ಹೇಳಿದ್ರೆ ಅಪ್ಪಂದಿರು ಹುಡುಗೀರನ್ನ ನೀರಿಂದ ಎಳ್ಕೊಂಡು ಹೋಗ್ತಾರೆ. ದೊಡ್ಡಮುನಿಯಪ್ಪ ಹಂಡೆ ಎತ್ತಿಸ್ತಾರೆ. ಆರು ತಿಂಗಳು ಯಾರ ಜೊತೆ ಬೆಟ್ಟ ಸುತ್ತಿದ್ಲು ಅಂತ ನಾನು ಸುತ್ತೋ ಹದಿನೆಂಟು ಹಳ್ಳೀಲೂ ಬೈತಾರೆ." ಮೊಹರನ್ನು ಕೆಳಗಿಟ್ಟಳು. "ಬೈಸ್ಕೊಳ್ಳೋಕೆ ನಾನು ತಯಾರಿದೀನಿ. ಹೋಳೂರಿಂದಾನೇ ತಯಾರಿದೀನಿ. ಈಗ ನೀವು ಹೇಳಿ."

ಅಷ್ಟು ಸ್ಪಷ್ಟವಾಗಿ ಕದಿರಪ್ಪನಿಗೆ ಯಾರೂ ಯಾವತ್ತೂ ದಾರಿ ತೋರಿಸಿರಲಿಲ್ಲ. ಬಾಯಿ ತೆರೆದ. ನೀರಿನಲ್ಲಿದ್ದ ಹುಡುಗಿಯೊಬ್ಬಳು ಕಿರುಚಿದಳು, ಟ್ಯೂಬು ವಾಲಿತ್ತು. ವೆಂಕಟರಾಯಪ್ಪ ಆಗಲೇ ನೀರಿಗೆ ಹಾರಿ ಅದನ್ನು ಹಿಡಿದು ನೇರ ಮಾಡುತ್ತಿದ್ದ. ಏರಿಯ ಮೇಲೆ ಚಪ್ಪಾಳೆ ಬಿತ್ತು.

"ಓಟ ಮುಗೀಲಿ ಆದಿಲಕ್ಷ್ಮಿ" ಎಂದ ಕದಿರಪ್ಪ. "ಸಾಯಂಕಾಲ ಮಾತಾಡ್ತೀನಿ. ಖಂಡಿತ."

ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಸಿಟ್ಟೇನೂ ಇರಲಿಲ್ಲ. ಲೆಕ್ಕ ಬಾರದ ಮಗುವನ್ನು ಮೇಡಂ ನೋಡುವ ಹಾಗೆ.

"ಅವರು ಒಳ್ಳೆಯವರಲ್ವಾ?" ಎಂದಳು.

"ಯಾರು?"

"ಅದೇ, ನೀರಲ್ಲಿರೋರು."

"ಒಳ್ಳೆಯವನೇ" ಎಂದ ಕದಿರಪ್ಪ. ಅದು ನಿಜವಾಗಿತ್ತು. ಆರು ತಿಂಗಳಿಂದ ಸುಳ್ಳು ಹೇಳಿದವನಿಗೆ ನಿಜ ಹೇಳಲು ಸಿಕ್ಕಿದ್ದು ಅದೊಂದೇ ಸಂಗತಿ.

ಹುಡುಗಿಯರು ಆವನಿ ಬೆಟ್ಟದ ನೆತ್ತಿಗೆ ಆರನೆಯವರಾಗಿ ಬಂದರು, ಐದು ಗಂಡು ತಂಡಗಳನ್ನು ಹಿಂದೆ ಹಾಕಿ. ಕದಿರಪ್ಪ ಎಲ್ಲರ ಹೆಸರು ಕೂಗಿದ, ಹಾರ ಹಾಕಿಸಿದ, ಮಾರ್ಗದರ್ಶನ ಮಾಡಿದ ಒಂಬತ್ತು ಜನರ ಭಾಷಣಗಳನ್ನೂ ಕೇಳಿದ. ಆಮೇಲೆ ಬೆಟ್ಟ ಇಳಿಯತೊಡಗಿದ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಜೋಡಿಸಿಕೊಂಡ. ಜನ ಬೈಯಲಿ, ವರ್ಗ ಮಾಡಿಸಿಕೊಂಡು ಮಾಲೂರಿಗೆ ಹೋದರಾಯಿತು, ಅಲ್ಲಿ ನಮ್ಮವರಿದ್ದಾರೆ, ಎರಡು ರೂಮಿನ ಮನೆ ಸಿಗುತ್ತದೆ, ನೀವು ಸೈಕಲ್ಲು ಬಿಡಬೇಕಾಗಿಲ್ಲ. ಕೊನೆಯ ಮೆಟ್ಟಿಲಿಗೆ ಬರುವಾಗ ಮಾತು ಪೂರ್ತಿಯಾಗಿತ್ತು. ಒಂದೂ ಬಿಟ್ಟುಹೋಗಿರಲಿಲ್ಲ.

ಕೆಳಗೆ ಮಂಟಪದಲ್ಲಿ ಮುನಿಶಾಮಮ್ಮ ಆದಿಲಕ್ಷ್ಮಿಯ ಮಡಿಲಿಗೆ ಎಲೆಯಡಿಕೆ, ತೆಂಗಿನಕಾಯಿ ಹಾಕಿ ಮುಗಿಸಿದ್ದರು.

"ಬಾರಪ್ಪ, ಸಿಹಿ ತಿನ್ನು" ಎಂದರು ದೊಡ್ಡಮುನಿಯಪ್ಪ. "ಕೆರೆ ಹತ್ರಾನೇ ಒಪ್ಕೊಂಡ್ಯಂತಲ್ಲ. ಒಳ್ಳೇ ಹುಡುಗ ಅಂದ್ಯಂತೆ. ನಿನ್ ತಂಗೀನೇ ಹೇಳಿದ್ಲು."

ಆದಿಲಕ್ಷ್ಮಿ ತಲೆ ಎತ್ತಲಿಲ್ಲ. ಕದಿರಪ್ಪ ಸಿಹಿ ತಿಂದ.

ಮದುವೆ ವೈಶಾಖದಲ್ಲಿ, ಗಂಡಿನ ಮನೆಯ ಮುಂದಿನ ಚಪ್ಪರದಲ್ಲಿ. ಹೆಣ್ಣಿನ ಕಡೆಯವನೆಂದರೆ ಕದಿರಪ್ಪ ಒಬ್ಬನೇ. ಮಾಲೂರಿನ ತನ್ನ ಮನೆಯವರಿಗೆ ಅವನು ಹೇಳಿಯೇ ಇರಲಿಲ್ಲ. ಸಮಿತಿಯ ಒಂಬತ್ತು ಜನಕ್ಕೆ ನಿಜ ಗೊತ್ತಿತ್ತು. ಊಟಕ್ಕೆ ಬಂದಿದ್ದ ಅವರು ಬಾಯನ್ನು ಬೇರೆ ಕೆಲಸಕ್ಕೆ ಬಳಸಿದರು. ಪುರೋಹಿತರು "ಹೆಣ್ಣಿನ ಅಣ್ಣ ಎಲ್ಲಿ?" ಎಂದು ಕೂಗಿದಾಗ ಕದಿರಪ್ಪ ಹೋಗಿ, ಅವಳ ಬೊಗಸೆಗೆ ಅರಳು ಸುರಿದ. ಸ್ವಲ್ಪ ಕೆಳಗೆ ಚೆಲ್ಲಿತು. "ನಿಧಾನ ಅಣ್ಣ" ಎಂದಳು ಅವಳು. ಅವನು ನಿಧಾನದವನಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಮದುವೆಯಾದರೆ ಎಲ್ಲ ಮುಗಿಯಿತು ಎಂದು ಕದಿರಪ್ಪ ಭಾವಿಸಿದ್ದ. ಅಣ್ಣನ ಕೆಲಸ ಶುರುವಾಗುವುದೇ ಆಮೇಲೆ ಎಂಬುದು ತಂಗಿಯಿಲ್ಲದೆ ಬೆಳೆದವನಿಗೆ ಗೊತ್ತಿರಲಿಲ್ಲ. ಭಾದ್ರಪದ ಬರುತ್ತಲೂ ಮುನಿಶಾಮಮ್ಮ ಬಸ್ ಕಂಡಕ್ಟರನ ಕೈಲಿ ಹೇಳಿಕಳಿಸಿದರು: ಹೊಸ ಮದುಮಗಳಿಗೆ ಮೊದಲ ಗೌರಿ ಹಬ್ಬ, ತೌರಿನಿಂದ ಬಾಗಿನ ಬರದಿದ್ದರೆ ಊರು ಆಡಿಕೊಳ್ಳುತ್ತೆ, ಅಣ್ಣನಿಗೆ ಮರೆಯಬೇಡ ಅನ್ನು.

ಕದಿರಪ್ಪ ಅಂಗಡಿಯಲ್ಲಿ ನಿಂತು, ಓಟಕ್ಕೆ ಮಾಡಿದಂತೆಯೇ ಪಟ್ಟಿ ಮಾಡಿ ಬಾಗಿನ ಕೊಂಡ. ಎರಡು ಮೊರ, ಅಕ್ಕಿ, ಬೇಳೆ, ಬೆಲ್ಲ, ರವಿಕೆ ಬಟ್ಟೆ. ಬಳೆಯವನು, "ತಂಗಿ ಕೈ ಅಳತೆ ಎಷ್ಟು ಸಾರ್?" ಎಂದ. ಕದಿರಪ್ಪ ಆರು ತಿಂಗಳು ಆ ಕೈಗೆ ಹಗ್ಗ ಕೊಟ್ಟಿದ್ದ, ನೀರಿನ ಬುರುಡೆ ಕೊಟ್ಟಿದ್ದ. ಒಂದು ಸಲವೂ ಕೈ ಹಿಡಿದಿರಲಿಲ್ಲ, ಬಂಡೆ ಹತ್ತುವಾಗ ಕೂಡ. ಅವಳು ತಾನೇ ಹತ್ತುತ್ತಿದ್ದಳು. ಗಾಳಿಯಲ್ಲಿ ಬೆರಳು ಮಡಿಸಿ ಇಷ್ಟಿರಬಹುದು ಎಂದು ತೋರಿಸಿದ.

ಮೊರಗಳನ್ನು ಒಂದರ ಮೇಲೊಂದು ಮುಚ್ಚಿ ಕ್ಯಾರಿಯರಿಗೆ ಕಟ್ಟಿಕೊಂಡು ದೇವರಾಯಸಮುದ್ರಕ್ಕೆ ಹೋದ. ವೆಂಕಟರಾಯಪ್ಪ ಓಡಿಬಂದು ಸೈಕಲ್ಲು ಹಿಡಿದುಕೊಂಡ. ನಡುಮನೆಯಲ್ಲಿ ನೆರೆಹೊರೆಯ ಹೆಂಗಸರು ತೌರಿನ ಬಾಗಿನ ನೋಡಲು ಕೂತಿದ್ದರು. ಆದಿಲಕ್ಷ್ಮಿ ಮೊರ ಇಸಿದುಕೊಂಡು ಅವನ ಕಾಲಿಗೆ ಬಗ್ಗಿದಳು. ಅವನು ಏನೋ ಆಶೀರ್ವಾದ ಮಾಡಿದ.

ಮುನಿಶಾಮಮ್ಮ ಬಳೆ ತೆಗೆದು ಸೊಸೆಯ ಕೈಗೆ ತೊಡಿಸಿದರು. ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲದೆ ಗಲಗಲ ಎನ್ನುತ್ತ ಮೊಣಕೈವರೆಗೂ ಜಾರಿದವು. ಹೆಂಗಸರೆಲ್ಲ ಗೊಳ್ಳೆಂದರು.

"ಎಂಥಾ ಅಣ್ಣನಯ್ಯಾ ನೀನು!" ಎಂದು ಬಾಯಿ ಮಾಡಿದರು ಮುನಿಶಾಮಮ್ಮ. "ಒಡಹುಟ್ಟಿದೋಳ ಕೈ ಅಳತೇನೂ ಗೊತ್ತಿಲ್ವಾ?"

ಕದಿರಪ್ಪ ನಗಲು ನೋಡಿದ. ಆದಿಲಕ್ಷ್ಮಿ ನಗಲಿಲ್ಲ. ಬಳೆಗಳನ್ನು ಒಂದೊಂದಾಗಿ ಮೊಣಕೈಯಿಂದ ಕೆಳಗಿಳಿಸಿ, ಬಿಚ್ಚದೆ, ಜಾರದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

"ಎರಡೂಕಾಲು" ಎಂದಳು, ಅವನಿಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ. "ಮುಂದಿನ ವರ್ಷಕ್ಕೆ."